ಒಂದೇ ಮಾತ್ರೆ ನುಂಗಿದರೂ ಆರು ಔಷಧ ಸೋಲುವುದೇಕೆ?

ಪ್ರಶ್ನೆ: ಅಮ್ಮನ ಮೂತ್ರದ ಕಲ್ಚರ್ ವರದಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಎಂದಿದೆ, ಆರು ಔಷಧಗಳ ಮುಂದೆ ‘ಆರ್’ (ರೆಸಿಸ್ಟೆಂಟ್, ಅಂದರೆ ಔಷಧಕ್ಕೆ ಜಗ್ಗದ್ದು) ಎಂದು ಬರೆದಿದ್ದಾರೆ. ಅವರು ಈವರೆಗೆ ತೆಗೆದುಕೊಂಡದ್ದು ಒಂದೇ ಬಗೆಯ ಆಂಟಿಬಯೋಟಿಕ್. ಲ್ಯಾಬ್‌ನವರ ತಪ್ಪಲ್ಲವೇ?

ಅಲ್ಲ. ಲ್ಯಾಬ್‌ನವರನ್ನು ಬೈಯುವ ಇಂಥ ಪತ್ರಗಳಿಗೆ ಉತ್ತರಿಸಿ ಸಾಕಾಗಿದೆ. ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಆರು ಔಷಧದ ಬಿಲ್ಲೆ ಇಟ್ಟು, ಮರುದಿನ ಬೆಳಗ್ಗೆ ತೆಗೆದರೆ ಬ್ಯಾಕ್ಟೀರಿಯಾ ಆರಕ್ಕೂ ಅಂಟಿಕೊಂಡೇ ಬೆಳೆದಿರುತ್ತದೆ. ಔಷಧ ಕೆಲಸ ಮಾಡಿದ್ದರೆ ಕಾಣುವ ಖಾಲಿ ವೃತ್ತ ಒಂದರ ಸುತ್ತಲೂ ಇಲ್ಲ. ನಮಗಿದು ದಿನನಿತ್ಯದ ನೋಟ.

1955ರಲ್ಲಿ ಜಪಾನಿನ ಆಮಶಂಕೆ ರೋಗಿಯೊಬ್ಬರಲ್ಲಿದ್ದ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ನಾಲ್ಕಕ್ಕೂ ಜಗ್ಗಲಿಲ್ಲ. 1959ರಲ್ಲಿ ಅಲ್ಲಿನವರೇ ನಿರೋಧಕ ಇ. ಕೋಲಿಯನ್ನೂ ಔಷಧಕ್ಕೆ ಬಗ್ಗುವ ಸಾಧು ಶಿಗೆಲ್ಲಾವನ್ನೂ ಒಟ್ಟಿಗೆ ಬೆಳೆಸಿ ನೋಡಿದರು: ನಾಲ್ಕೂ ನಿರೋಧಗಳು ಒಟ್ಟಾಗಿ ದಾಟಿದ್ದವು. ಹೊತ್ತೊಯ್ದದ್ದು ಪ್ಲಾಸ್ಮಿಡ್, ಅಂದರೆ ಕ್ರೋಮೋಸೋಮಿನಿಂದ ಬೇರೆಯಾಗಿರುವ ಡಿಎನ್ಎ ಉಂಗುರ.

ಜೀನ್‌ಗಳು ಅಲ್ಲಿ ಗೊಂಚಲಾಗುವುದು ಸುಮ್ಮನೆ ಅಲ್ಲ. ಟ್ರಾನ್ಸ್‌ಪೋಸಾನ್ ಎಂಬ ಜಿಗಿಯುವ ಡಿಎನ್ಎ ತುಣುಕುಗಳು ಜಾಗ ಬದಲಿಸುವಾಗ ನಿರೋಧದ ಜೀನನ್ನೂ ಹೊತ್ತೊಯ್ಯುತ್ತವೆ. ಇಂಟೆಗ್ರಾನ್ ಎಂಬ ಇನ್ನೊಂದು ಡಿಎನ್ಎ ಭಾಗ ಸಿಕ್ಕ ಜೀನ್‌ಗಳನ್ನು ಸಾಲಾಗಿ ಪೋಣಿಸಿಕೊಳ್ಳುತ್ತದೆ. ಜಪಾನಿನದೇ ಆರ್100 ಪ್ಲಾಸ್ಮಿಡ್‌ನಲ್ಲಿ ಸಲ್ಫಾ ನಿರೋಧದ ಪಕ್ಕದಲ್ಲೇ ಪಾದರಸವನ್ನು ತಡೆಯುವ ಜೀನ್‌ಗಳೂ ಇವೆ. ಹೀಗಾಗಿ ನಿಮ್ಮ ತಾಯಿ ನುಂಗಿದ ಒಂದೇ ಮಾತ್ರೆ ಉಂಗುರವಿಲ್ಲದವನ್ನು ಕೊಂದು, ಉಂಗುರವಿದ್ದವಕ್ಕೆ ಜಾಗ ಬಿಟ್ಟುಕೊಟ್ಟಿತು. ಉಳಿದ ಐದು ನಿರೋಧಗಳು ಪುಕ್ಕಟೆ ಬಂದವು. ಮಾತ್ರೆಯನ್ನೇ ನುಂಗದವರಿಗೂ ಇಂಥ ಬ್ಯಾಕ್ಟೀರಿಯಾ ಬೇರೆಯವರಿಂದ ಬರಬಹುದು.

ಔಷಧ ಬಿಟ್ಟರೆ ನಿರೋಧವೂ ಹೋಗುತ್ತದೆ ಎನ್ನುವವರು ಬ್ರಿಟನ್ನಿನತ್ತ ನೋಡಲಿ. 1990ರ ದಶಕದಲ್ಲಿ ಅಲ್ಲಿ ಸಲ್ಫಾ ಬಳಕೆ ಶೇ 97ರಷ್ಟು ಇಳಿಯಿತು. ಇ. ಕೋಲಿಯ ಸಲ್ಫಾ ನಿರೋಧ ಮಾತ್ರ 1991ರ ಶೇ 39.7ರಿಂದ 1999ರಲ್ಲಿ ಶೇ 46ಕ್ಕೆ ಏರಿತ್ತು. ಪಕ್ಕದ ಜೀನ್‌ಗಳು ತಡೆಯುವ ಬೇರೆ ಔಷಧಗಳು ಬಳಕೆಯಲ್ಲೇ ಇದ್ದವಲ್ಲ!

ವರದಿಯಲ್ಲಿ ‘ಎಸ್’ (ಸೆನ್ಸಿಟಿವ್, ಅಂದರೆ ಬ್ಯಾಕ್ಟೀರಿಯಾ ಬಗ್ಗುವ ಔಷಧ) ಎಂದು ಕಂಡದ್ದನ್ನು ನೀವೇ ಅಂಗಡಿಯಿಂದ ತರಬೇಡಿ. ಅಮ್ಮನಿಗೆ ಉರಿ, ಜ್ವರ ಏನೂ ಇಲ್ಲವಾದರೆ, ಔಷಧ ನಿಜಕ್ಕೂ ಬೇಕೇ ಎಂದು ಮೊದಲು ವೈದ್ಯರನ್ನು ಕೇಳಿ. ನಾನಾದರೆ ಅದನ್ನೇ ಕೇಳುತ್ತಿದ್ದೆ.

ಪ್ರಶ್ನೆ: ನನ್ನ ದೇಹ ಆಂಟಿಬಯೋಟಿಕ್‌ಗೆ ಒಗ್ಗಿಹೋಗಿದೆಯೇ?

ಒಗ್ಗಿರುವುದು ಬ್ಯಾಕ್ಟೀರಿಯಾ, ನೀವಲ್ಲ.

ಪ್ರಶ್ನೆ: ಏಳು ದಿನದ ಕಷಾಯದಿಂದ ಪ್ಲಾಸ್ಮಿಡ್ ತೊಳೆದುಹೋಗುತ್ತದೆ ಎಂದು ಒಬ್ಬರು ಮಾರುತ್ತಿದ್ದಾರೆ. ಕೊಳ್ಳಬಹುದೇ?

ಕುಡಿಯುವ ಮುನ್ನ ಮತ್ತು ಕುಡಿದ ಮೇಲಿನ ಎರಡು ಕಲ್ಚರ್ ವರದಿ ತೋರಿಸಲು ಅವರಿಗೆ ಹೇಳಿ. ತೋರಿಸಿದ ಮೇಲೆ ನನಗೆ ಬರೆಯಿರಿ.