ಆಮ್ಕಾ ಹಾರುವವರೆಗೆ ಕಾಯಬೇಕಾ, ಈಗಲೇ ಮಷಿನ್ ಹಾಕಬೇಕಾ?

ಪೀಣ್ಯದಲ್ಲಿ ಸಣ್ಣ ಮಷಿನ್ ಶಾಪ್ ಇದೆ, ನಮ್ಮ ದೇಶ ಹೊಸದಾಗಿ ವಿನ್ಯಾಸ ಮಾಡುತ್ತಿರುವ ಆಮ್ಕಾ ಯುದ್ಧವಿಮಾನದ ಬಿಡಿಭಾಗಕ್ಕೆಂದು ಸಾಲ ಮಾಡಿ, ಲೋಹವನ್ನು ಹಲವು ಕೋನಗಳಿಂದ ಕೊರೆಯುವ ಫೈವ್ ಆಕ್ಸಿಸ್ ಮಷಿನ್ ಈಗಲೇ ತರಲಾ, ವಿಮಾನ ಹಾರಿದ ಮೇಲೆ ತರಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಹಾರಿದ ಮೇಲೆ ತಂದವನು ನಾನು.

2001ರ ಜನವರಿ 4. ನಮ್ಮ ದೇಶದ ಹಗುರ ಯುದ್ಧವಿಮಾನ ಎಲ್‌ಸಿಎ ಮೊದಲ ಸಲ ಬೆಂಗಳೂರಿನಲ್ಲಿ ಹಾರಿತು. ಅದಕ್ಕೆ ತೇಜಸ್ ಅನ್ನುವ ಹೆಸರು ಆಗಿನ್ನೂ ಇರಲಿಲ್ಲ. ಆ ಯೋಜನೆಗೆ ನಮ್ಮ ಶಾಪಿನಿಂದ ಕೆಲವು ಅಲ್ಯೂಮಿನಿಯಂ ಬ್ರಾಕೆಟ್ ಹೋಗಿದ್ದವು. ಪೇಪರಿನಲ್ಲಿ ಫೋಟೋ ನೋಡಿ ಅಮ್ಮ ಅತ್ತುಬಿಟ್ಟರು. ಮುಂದಿನ ತಿಂಗಳೇ ಮನೆ ಪತ್ರ ಅಡವಿಟ್ಟು ಹೊಸ ಮಿಲ್ಲಿಂಗ್ ಮಷಿನ್ ತಂದೆ.

ತಪ್ಪಾಗಿದ್ದು ಇಲ್ಲೇ. ಹಾರಿತು ಅಂದರೆ ವಿಮಾನ ರೆಡಿ, ಇನ್ನು ಆರ್ಡರ್ ಬರುತ್ತದೆ ಅಂದುಕೊಂಡೆ. ಅವತ್ತು ಹಾರಿದ್ದು ತಂತ್ರಜ್ಞಾನ ಕೆಲಸ ಮಾಡುತ್ತದೆ ಅಂತ ತೋರಿಸಲು ಕಟ್ಟಿದ ವಿಮಾನ. ವಾಯುಪಡೆ ಕೊಳ್ಳುವುದು ಅದನ್ನಲ್ಲ. ಆಮೇಲೆ ಇನ್ನಷ್ಟು ಮಾದರಿ ವಿಮಾನಗಳು ಬರಬೇಕು. ವೇಗ, ಎತ್ತರ, ತಿರುವು ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಏರಿಸಿ ನೋಡಬೇಕು. ರೇಡಾರ್, ಕ್ಷಿಪಣಿ, ಬಾಂಬ್ ಕೂರಿಸಿ ಪರೀಕ್ಷಿಸಬೇಕು. ಒಂದೊಂದು ಪರೀಕ್ಷೆ ಮುಗಿದಾಗಲೂ ಏನಾದರೂ ಬದಲಾಗುತ್ತದೆ, ಅದರ ಜೊತೆ ಡ್ರಾಯಿಂಗೂ ಬದಲಾಗುತ್ತದೆ. ನನ್ನ ಒಂದೇ ಬ್ರಾಕೆಟ್ ಎರಡು ಸಲ ಬದಲಾಯಿತು. ಎರಡು ಸಲವೂ ಅದನ್ನು ಮಷಿನ್‌ನಲ್ಲಿ ಹಿಡಿದಿಡಲು ಮಾಡಿಸಿದ್ದ ಫಿಕ್ಸ್ಚರ್ ಗುಜರಿಗೆ ಹೋಯಿತು. ಆರ್ಡರ್ ಬಂದರೆ ನಾಲ್ಕು ಪೀಸ್, ಆರು ಪೀಸ್. ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳು.

2004ರಲ್ಲಿ ಮಷಿನ್ ಮಾರಿದೆ. ವಾಯುಪಡೆಯ ಮೊದಲ 20 ವಿಮಾನಗಳ ಆರ್ಡರ್ ಬಂದದ್ದು 2006ರಲ್ಲಿ. ಮೊದಲ ಸ್ಕ್ವಾಡ್ರನ್ ಶುರುವಾಗಿದ್ದು 2016ರ ಜುಲೈ 1ರಂದು, ಅದೂ ಎರಡೇ ವಿಮಾನದಿಂದ. ಮೊದಲ ಹಾರಾಟದಿಂದ ಅಲ್ಲಿಗೆ ಹದಿನೈದೂವರೆ ವರ್ಷ! ಯಾವ ಸಣ್ಣ ಶಾಪ್ ಅಷ್ಟು ದಿನ ಬಡ್ಡಿ ಕಟ್ಟೀತು?

ಆಮ್ಕಾಗೆ 2024ರಲ್ಲಿ ಮಂಜೂರಾದ ಸುಮಾರು 15,000 ಕೋಟಿ ರೂಪಾಯಿ ವಿನ್ಯಾಸಕ್ಕೆ, ಮಾದರಿ ವಿಮಾನಗಳಿಗೆ. ಅದು ಖರೀದಿ ಆರ್ಡರ್ ಅಲ್ಲ. ಹಾಗಾಗಿ ಹಾರುವ ದಿನಾಂಕ ಹಿಡಿದು ಲೆಕ್ಕ ಹಾಕಲೇಬೇಡಿ. ಡ್ರಾಯಿಂಗ್ ಇನ್ನು ಬದಲಾಗದಂತೆ ಅಂತಿಮವಾಗಿದೆಯಾ, ಎಷ್ಟು ಪೀಸ್ ಅಂತ ಲಿಖಿತದಲ್ಲಿ ಕೊಡುತ್ತಾರಾ, ಅದನ್ನು ಕೇಳಿ.

ಈಗ ಕೆಲಸ ಇರುವುದು ತೇಜಸ್‌ನ ಸುಧಾರಿತ ರೂಪವಾದ ಮಾರ್ಕ್ 1ಎಯಲ್ಲಿ. 2021ರಲ್ಲಿ 83, 2025ರಲ್ಲಿ ಇನ್ನೂ 97 ವಿಮಾನಗಳಿಗೆ ಸಹಿಯಾಗಿದೆ. ಅದರ ದೊಡ್ಡ ಸಪ್ಲೈಯರ್‌ಗಳ ಹತ್ತಿರ ಹೋಗಿ, ನಿಮ್ಮಲ್ಲಿರುವ ಮಷಿನ್‌ನಲ್ಲೇ ಜಾಬ್‌ವರ್ಕ್ ತಗೊಳ್ಳಿ. ಕೈಯಲ್ಲಿ ದುಡ್ಡಿದ್ದರೆ ಮೊದಲು ವಿಮಾನದ ಕೆಲಸಕ್ಕೆ ಕೇಳುವ ಗುಣಮಟ್ಟದ ಎಎಸ್ 9100 ಸರ್ಟಿಫಿಕೇಟ್ ಮಾಡಿಸಿ. ಮನೆ ಪತ್ರ ಬೀರುವಿನಲ್ಲೇ ಇರಲಿ.