20 ನಿಮಿಷಕ್ಕೊಂದು ಬಸ್ಸಿದ್ದರೂ ಕಾಯುವುದೇಕೆ?

ಪ್ರಶ್ನೆ: ನಾನು ವಿದ್ಯಾನಗರದಿಂದ ಗಾಂಧಿ ವೃತ್ತದ ಬಳಿಯ ಅಂಗಡಿಯೊಂದಕ್ಕೆ ಲೆಕ್ಕ ಬರೆಯಲು ದಿನವೂ ಸಿಟಿ ಬಸ್ಸಿನಲ್ಲಿ ಹೋಗುತ್ತೇನೆ. 20 ನಿಮಿಷಕ್ಕೊಂದು ಬಸ್ ಇದೆಯೆನ್ನುತ್ತಾರೆ. ಆದರೆ 40 ನಿಮಿಷ ಒಂದೂ ಬಾರದೆ, ಆಮೇಲೆ ಎರಡು ಒಟ್ಟಿಗೇ ಬರುತ್ತವೆ. ಈಚೆಗೆ ಸಮೀಕ್ಷೆಗೆಂದು ಬಸ್ ಹತ್ತಿದ ವಿದ್ಯಾರ್ಥಿಗಳು ‘ತೃಪ್ತಿಯಿದೆಯೇ’ ಎಂದು ಕೇಳಿದಾಗ, ಅಂದು ಸೀಟು ಸಿಕ್ಕಿದ್ದರಿಂದ ‘ಇದೆ’ ಎಂದುಬಿಟ್ಟೆ. ತಪ್ಪು ಹೇಳಿದೆನೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಹೇಳಿದ್ದು ಆ ಗಳಿಗೆಯ ನಿಜ. ತೊಡಕಿರುವುದು ಕೇಳಿದ ಜಾಗದಲ್ಲಿ. ಬಸ್ಸಿನೊಳಗೆ ಕುಳಿತವರ ಕಾಯುವ ಕಷ್ಟ ಆಗಲೇ ಕಳೆದಿರುತ್ತದೆ. ಕಾದು ಬೇಸತ್ತು ಆಟೊ ಹಿಡಿದವರೂ ಕಂತಿನ ಮೇಲೆ ಬೈಕ್ ಕೊಂಡವರೂ ಅಲ್ಲಿ ಇರುವುದೇ ಇಲ್ಲ. ಬಸ್ಸನ್ನು ಬಿಟ್ಟವರನ್ನು ಬಿಟ್ಟು ಬಸ್ಸಿನ ಬಗ್ಗೆ ಕೇಳಿದರೆ ಅಂಕಗಳು ಚೆನ್ನಾಗಿಯೇ ಬರುತ್ತವೆ.

ಇನ್ನು ಜೋಡಿ ಬಸ್ಸಿನ ವಿಚಾರ. ಬಸ್ಸುಗಳು ಸರಿಯಾಗಿ 20 ನಿಮಿಷಕ್ಕೊಂದರಂತೆ ಬಂದರೆ, ವೇಳೆ ನೋಡದೆ ನಿಲ್ದಾಣಕ್ಕೆ ಬರುವವರು ಸರಾಸರಿ 10 ನಿಮಿಷ ಕಾಯುತ್ತಾರೆ. ಅಷ್ಟೇ ಬಸ್ಸುಗಳು 40 ನಿಮಿಷಕ್ಕೊಮ್ಮೆ ಎರಡೆರಡಾಗಿ ಬಂದರೆ ಅದು 20 ನಿಮಿಷವಾಗುತ್ತದೆ. ದಿನಕ್ಕೆಷ್ಟು ಟ್ರಿಪ್ ಎಂದಷ್ಟೇ ಎಣಿಸುವ ದಾಖಲೆಯಲ್ಲಿ ಈ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅದರ ಮೇಲೆ, ನಿಂತು ಕಾಯುವ ಒಂದು ನಿಮಿಷವನ್ನು ಬಸ್ಸಿನಲ್ಲಿ ಕುಳಿತ ಸುಮಾರು ಎರಡು ನಿಮಿಷಕ್ಕೆ ಸಮವೆಂದು ಹಿಡಿಯುವುದು ಸಾರಿಗೆ ಯೋಜಕರ ರೂಢಿ.

ಇದಕ್ಕೆ ಚಾಲಕರನ್ನು ಬೈಯುವುದು ಸುಲಭ, ಆದರೆ ಅಷ್ಟು ನ್ಯಾಯವಲ್ಲ. ಮುಂದಿನ ಬಸ್ಸು ಸಿಗ್ನಲ್ಲಿನಲ್ಲೋ ಮಾರುಕಟ್ಟೆಯ ಇಕ್ಕಟ್ಟಿನಲ್ಲೋ ನಾಲ್ಕು ನಿಮಿಷ ತಡವಾಯಿತೆನ್ನಿ. ಅಷ್ಟರಲ್ಲಿ ಮುಂದಿನ ನಿಲ್ದಾಣದಲ್ಲಿ ಜನ ಹೆಚ್ಚಿರುತ್ತಾರೆ, ಅವರು ಹತ್ತಿ ಚಿಲ್ಲರೆ ಹುಡುಕುವುದರೊಳಗೆ ಇನ್ನೆರಡು ನಿಮಿಷ ಹೋಗುತ್ತದೆ, ಹೀಗೆ ಪ್ರತಿ ನಿಲ್ದಾಣದಲ್ಲೂ ತಡ ಬೆಳೆಯುತ್ತದೆ. ಹಿಂದಿನ ಬಸ್ಸಿಗೆ ಹತ್ತುವವರೇ ಇಲ್ಲದ್ದರಿಂದ ಅದು ಸರಾಗವಾಗಿ ಬಂದು ಮುಂದಿನದರ ಬೆನ್ನಿಗೆ ನಿಲ್ಲುತ್ತದೆ. ಮೊದಲನೆಯದರ ಫುಟ್‌ಬೋರ್ಡಿನಲ್ಲಿ ಜನ ಜೋತುಬಿದ್ದು ಕಂಡಕ್ಟರ್ ‘ಒಳಗೆ ನಡೀರಿ, ನಡೀರಿ’ ಎಂದು ಕೂಗುತ್ತಿರುವಾಗ ಎರಡನೆಯದರಲ್ಲಿ ಕಿಟಕಿ ಪಕ್ಕದ ಸೀಟುಗಳೇ ಖಾಲಿ. (ಹಳೆಯ ಪ್ರಯಾಣಿಕರು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹತ್ತುವುದು ಸುಮ್ಮನೆ ಅಲ್ಲ. ನಿಮಗೆ ಸೀಟು ಸಿಕ್ಕಿದ್ದೂ ಅದರಲ್ಲೇ ಇರಬೇಕು!)

ಯಾರು ಎಲ್ಲಿಗೆ ಹೋಗುತ್ತಾರೆಂಬ ಮಾಹಿತಿಯೂ ನಮ್ಮಲ್ಲಿ ತೆಳುವಾಗಿದೆ. ಕೆಲಸಕ್ಕೆ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತೀರೆಂದು ಜನಗಣತಿ ಮೊದಲ ಬಾರಿ ಕೇಳಿದ್ದು 2001ರಲ್ಲಿ. ಅದೂ ಕೃಷಿ ಮತ್ತು ಗೃಹ ಉದ್ಯಮದಲ್ಲಿ ಇಲ್ಲದ ದುಡಿಯುವವರನ್ನು ಮಾತ್ರ. ಮಗುವನ್ನು ಶಾಲೆಗೆ ಬಿಟ್ಟು, ಆಸ್ಪತ್ರೆಗೆ ಹೋಗಿ, ತರಕಾರಿ ಹಿಡಿದು ಮರಳುವ ಗೃಹಿಣಿಯ ಮೂರು ತುಂಡು ಪ್ರಯಾಣ ಆ ಲೆಕ್ಕಕ್ಕೆ ಬಾರದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಇಂಥ ಪ್ರಯಾಣಗಳಿಗೂ ಶೂನ್ಯ ದರದ ಟಿಕೆಟ್ ಹರಿಯುತ್ತಿರುವುದರಿಂದ, ಅವುಗಳನ್ನು ಎಣಿಸಲು ಒಂದು ದಾರಿಯಂತೂ ಆಗಿದೆ.

ಎರಡು ವಾರ ನಿಮ್ಮ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ನಿಲ್ದಾಣಕ್ಕೆ ಬಂದ ವೇಳೆ, ಬಸ್ಸು ಬಂದ ವೇಳೆ ಎರಡನ್ನೇ ಬರೆದಿಡಿ. ಅದನ್ನು ಲಗತ್ತಿಸಿ, ಮಾರ್ಗಮಧ್ಯದ ಒಂದು ನಿಲ್ದಾಣದಲ್ಲಿ ಹಿಂದಿನ ಬಸ್ಸನ್ನು ಕೆಲವು ನಿಮಿಷ ತಡೆದು ಅಂತರ ಸರಿಪಡಿಸಬೇಕೆಂದು ಅರ್ಜಿ ಕೊಡಿ. ಹಾಗೆ ತಡೆದಾಗ ಒಳಗೆ ಕುಳಿತವರು ಗೊಣಗುವುದು ಖಂಡಿತ. ಆ ದಿನ ನೀವೂ ಕಿಟಕಿಯ ಪಕ್ಕದಲ್ಲೇ ಇರಬಹುದು.