ಸಂವಿಧಾನದ ಪೇಪರ್ ಯಾರ ಪಾಲಿಗೆ?

ಚಿತ್ರದುರ್ಗ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರಾಂಶ ಇಷ್ಟು: "ನಮ್ಮದು ಮುನ್ನೂರು ಮಕ್ಕಳ ಸಣ್ಣ ಕಾಲೇಜು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಿದೆ. ಸಾಮಾನ್ಯ ಶಿಕ್ಷಣದ ಗುರಿಗಳು ಅಂತ ಎರಡು ಪುಟ ಬರೆದುಕೊಡಿ ಎಂದು ಪ್ರಾಂಶುಪಾಲರು ಹೇಳಿದರು. ಬೇರೊಂದು ಕಾಲೇಜಿನ ಫೈಲಿನಿಂದ ಎತ್ತಿ ಹಾಕಿದೆ. ವಿಮರ್ಶಾತ್ಮಕ ಚಿಂತನೆ, ಜವಾಬ್ದಾರಿಯುತ ನಾಗರಿಕತೆ, ಎಲ್ಲ ಇದೆ. ಆದರೆ ಸಂವಿಧಾನದ ಕ್ಲಾಸಿನಲ್ಲಿ ಹತ್ತು ಜನ ಕೂತಿದ್ದರೆ ಹೆಚ್ಚು. ಹಿಂದೆ ಒಂದು ವರ್ಷ ನಾನೇ ಮಾಡಿದ್ದೆ, ಈಗ ಬೇರೆಯವರಿಗೆ ಹೋಗಿದೆ. ಬಿ.ಕಾಂ. ಹುಡುಗರು 'ಇದು ನಮಗ್ಯಾಕೆ ಮೇಡಂ?' ಅಂತಾರೆ. ಅಮೆರಿಕದ ಸಣ್ಣ ಕಾಲೇಜುಗಳಲ್ಲಿ ಜನರಲ್ ಸ್ಟಡೀಸ್ ಚೆನ್ನಾಗಿ ನಡೆಯುತ್ತದಂತೆ. ನಮ್ಮ ಕಡೆ ಇದೆಲ್ಲ ಬರೀ ನಾಟಕವಾ?"

ಮೇಡಂ, ಎತ್ತಿ ಹಾಕಿದ್ದಕ್ಕೆ ಜಾಸ್ತಿ ಬೇಸರ ಮಾಡಿಕೊಳ್ಳಬೇಡಿ. ನೀವು ಯಾರಿಂದ ಎತ್ತಿದಿರೋ ಅವರೂ ಇನ್ನೊಬ್ಬರಿಂದ ಎತ್ತಿದವರೇ ಇರಬೇಕು. ಈ ಗುರಿಗಳ ಬಗ್ಗೆ ಯಾರಿಗೂ ಯಾವತ್ತೂ ತಕರಾರಿರಲಿಲ್ಲ. ವಿಶ್ವವಿದ್ಯಾಲಯ ಶಿಕ್ಷಣದ ಬಗ್ಗೆ ನೇಮಿಸಿದ್ದ 1948-49ರ ರಾಧಾಕೃಷ್ಣನ್ ಆಯೋಗವೇ ಇದನ್ನು ಹೇಳಿತ್ತು. ವಿಜ್ಞಾನದವರು ಸಮಾಜ, ಸಾಹಿತ್ಯ ಓದಲಿ, ಕಲಾ ವಿಭಾಗದವರಿಗೆ ವಿಜ್ಞಾನ ಗೊತ್ತಿರಲಿ ಎಂದಿತ್ತು. ಜಾಕಿರ್ ಹುಸೇನ್, ಮೇಘನಾದ ಸಹಾ ಅಂಥವರು ಸದಸ್ಯರಾಗಿದ್ದ ಆಯೋಗ ಅದು. ಅವರಿಗಿಂತ ಚೆಂದದ ಗುರಿಗಳನ್ನು ನೀವೂ ಬರೆಯಬೇಕಿಲ್ಲ, ನಾನೂ ಬರೆಯಬೇಕಿಲ್ಲ.

ನನ್ನ ಕಣ್ಣಿಗೆ ಬಿದ್ದದ್ದು ನೀವು ನಡುವೆ ತೇಲಿಸಿಬಿಟ್ಟ ಮಾತು: "ಈಗ ಬೇರೆಯವರಿಗೆ ಹೋಗಿದೆ." ಯಾಕೆ ಹೋಯಿತು ಅಂತ ಊಹಿಸಲಾ? ಟೈಮ್‌ಟೇಬಲ್ ಹಾಕುವ ದಿನ ಅವರಿಗೆ ವರ್ಕ್‌ಲೋಡ್ ಕಡಿಮೆ ಬಿದ್ದಿರುತ್ತದೆ. ಸಂವಿಧಾನ, ಪರಿಸರ ಎರಡೂ ಗಂಟೆ ತುಂಬಿಸುವುದಕ್ಕೆ ಹಂಚುವ ಪೇಪರ್‌ಗಳಾಗಿಬಿಟ್ಟಿವೆ. ಪರಿಸರ ಅಧ್ಯಯನವಂತೂ ಕೋರ್ಟು ಹೇಳಿದ್ದಕ್ಕೆ ಬಂದದ್ದು. ಎಲ್ಲರಿಗೂ ಪರಿಸರ ಕಲಿಸಿ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಯುಜಿಸಿ ಅದನ್ನು ಪದವಿಯಲ್ಲಿ ಕಡ್ಡಾಯ ಮಾಡುವಷ್ಟರಲ್ಲಿ ಹತ್ತು ವರ್ಷದ ಮೇಲಾಗಿತ್ತು. ಯಾವ ವಿಭಾಗವೂ ಅದನ್ನು ನಮ್ಮದು ಅನ್ನಲಿಲ್ಲ. ಹಿಂದಿ ಮೇಷ್ಟ್ರು ಪರಿಸರ ಮಾಡುವುದೂ ಉಂಟು. ಮುಂದಿನ ವರ್ಷ ತಾನೇ ಇರ್ತೀನೋ ಇಲ್ವೋ ಗೊತ್ತಿಲ್ಲದ ಅತಿಥಿ ಉಪನ್ಯಾಸಕರ ಕೈಗೆ ಹೋಗುವುದೂ ಉಂಟು. ಅವರು ಗೈಡ್ ನೋಡಿ ನೋಟ್ಸ್ ಬರೆಸಿದರೆ ಅವರನ್ನು ಬೈದು ಏನು ಬಂತು?

2021ರಲ್ಲಿ ಹೊಸ ಶಿಕ್ಷಣ ನೀತಿ ಕರ್ನಾಟಕದಲ್ಲಿ ಜಾರಿಯಾದಾಗಲೂ ಇದೇ ಕಥೆ. ಓಪನ್ ಎಲೆಕ್ಟಿವ್ ಅಂದರು. ಬಿ.ಎ. ಓದುವವರು ಹಣಕಾಸಿನ ಪೇಪರ್ ತಗೋಬಹುದು, ಬಿ.ಕಾಂ.ನವರು ಇತಿಹಾಸ ಓದಬಹುದು ಎಂದರು. ಕಾಗದದ ಮೇಲೆ ನನಗೂ ಇಷ್ಟವಾಗಿತ್ತು. ಆದರೆ ಆರೇಳು ಮೇಷ್ಟ್ರುಗಳಿರುವ ಕಾಲೇಜಿನಲ್ಲಿ ಮಕ್ಕಳಿಗೆ ಸಿಗುವ ಆಯ್ಕೆ ಅಂದರೆ ಯಾರಿಗೆ ಪಿರಿಯಡ್ ಕಡಿಮೆ ಇದೆಯೋ ಅವರ ಪೇಪರ್, ಅಷ್ಟೇ ಅಲ್ವಾ? ಆ ನೀತಿಯ ನಾಲ್ಕು ವರ್ಷದ ಪದವಿ ಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೇ ಬಂದೆವು. ಪಠ್ಯಕ್ರಮ ಎರಡು ಸಲ ಬದಲಾಯಿತು. ಟೈಮ್‌ಟೇಬಲ್ ಹಾಕುವ ರೀತಿ ಮಾತ್ರ ಹಾಗೇ ಉಳಿಯಿತು.

ಅಮೆರಿಕದ ಮಾತಿಗೆ ಬರೋಣ. ಕೆಂಟಕಿಯಲ್ಲಿ ಬೆರಿಯಾ ಕಾಲೇಜು ಅಂತ ಇದೆ, 1855ರಲ್ಲಿ ಶುರುವಾದದ್ದು. ಓದುವವರು ಸುಮಾರು ಒಂದೂವರೆ ಸಾವಿರ. ಹೆಚ್ಚಿನವರು ಅಪಲಾಚಿಯನ್ ಬೆಟ್ಟ ಸೀಮೆಯ ಬಡವರ ಮಕ್ಕಳು. ಬೋಧನಾ ಶುಲ್ಕ ಕಟ್ಟುವಂತಿಲ್ಲ. ಬದಲಿಗೆ ಪ್ರತಿಯೊಬ್ಬರೂ ವಾರಕ್ಕೆ ಕಡಿಮೆ ಎಂದರೆ ಹತ್ತು ಗಂಟೆ ಕಾಲೇಜಿನ ಕೆಲಸ ಮಾಡಬೇಕು. ಅವರಿಗೆ ನೂರು ಕೋಟಿ ಡಾಲರಿಗೂ ಮೀರಿದ ನಿಧಿ ಇದೆ, ಹಾಗಾಗಿ ದುಡ್ಡಿನ ವಿಷಯದಲ್ಲಿ ಹೋಲಿಸುವುದು ಬೇಡ. ನೋಡಬೇಕಾದ್ದು ಇನ್ನೊಂದಿದೆ. ಅಲ್ಲಿ ಜನರಲ್ ಸ್ಟಡೀಸ್ ಅಂತ ಮೊದಲ ವರ್ಷ ಎಲ್ಲರಿಗೂ ಇರುವ ತರಗತಿ ಮುಖ್ಯವಾಗಿ ಓದಿ ಬರೆಯುವ ತರಗತಿ. ಬೇರೆ ಬೇರೆ ವಿಭಾಗದ ಮೇಷ್ಟ್ರುಗಳು ಅದನ್ನು ಸಣ್ಣ ಗುಂಪುಗಳಲ್ಲಿ ತಗೋತಾರೆ. ಅದು ಯಾವುದೋ ಒಂದು ವಿಭಾಗದ ತಲೆಗೆ ಕಟ್ಟಿದ ಕೆಲಸ ಅಲ್ಲ.

ನಿಮ್ಮ ಬಿ.ಕಾಂ. ಹುಡುಗರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದು ತಮಾಷೆ ನೋಡಿ. ಅದೇ ಹುಡುಗರು ಪದವಿ ಮುಗಿಸಿ ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ, ಪಿ.ಜಿ.ಯಲ್ಲಿ ನಾಲ್ಕು ಜನರ ರೂಮಿನಲ್ಲಿದ್ದು, ಕೋಚಿಂಗಿಗೆ ಸಾವಿರಾರು ರೂಪಾಯಿ ಕಟ್ಟಿ ಓದುವುದು ಏನನ್ನು? ಇದೇ ಸಂವಿಧಾನ, ಇದೇ ಪರಿಸರ, ಇದೇ ಅರ್ಥವ್ಯವಸ್ಥೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಸಾಮಾನ್ಯ ಅಧ್ಯಯನಕ್ಕೇ 250 ಅಂಕದ ನಾಲ್ಕು ಪೇಪರ್. ಪಿಡಿಒ, ಎಫ್‌ಡಿಎ ಬರೆಯುವವರಿಗೂ ಸಾಮಾನ್ಯ ಜ್ಞಾನ ಬೇಕೇ ಬೇಕು. ಕಾಲೇಜಿನಲ್ಲಿ ಪುಕ್ಕಟೆ ಸಿಗುವಾಗ ಹಿಂದಿನ ಬೆಂಚೂ ತುಂಬಲ್ಲ!

ಹಾಗಂತ ಕಾಲೇಜನ್ನು ಕೋಚಿಂಗ್ ಸೆಂಟರ್ ಮಾಡಿ ಎನ್ನುತ್ತಿಲ್ಲ. ಒಬ್ಬ ಇತಿಹಾಸ ಮೇಷ್ಟ್ರು ಸಂವಿಧಾನದ ಪೇಪರನ್ನು ಪಹಣಿ ಇಟ್ಟುಕೊಂಡು ಶುರು ಮಾಡುತ್ತಿದ್ದುದನ್ನು ನೋಡಿದ್ದೇನೆ. ಅವರು ಕ್ಲಾಸಿಗೆ ಒಂದೇ ಒಂದು ಹಾಳೆ ತರುತ್ತಿದ್ದರು. ಕಾಲಂ 9ರಲ್ಲಿ ಜಮೀನು ಯಾರ ಹೆಸರಲ್ಲಿದೆ? 10ರಲ್ಲಿ, ಅವರಿಗೆ ಹೇಗೆ ಬಂತು? 11ರಲ್ಲಿ ಸಾಲ ಎಷ್ಟಿದೆ? 12ರಲ್ಲಿ ಯಾವ ಬೆಳೆ? ಸಾಲದ ಕಾಲಂ ಬಂತು ಅಂದರೆ ಬಿ.ಕಾಂ. ಹುಡುಗರು ಮೊಬೈಲ್ ಕೆಳಗಿಡುತ್ತಿದ್ದರು.

ಆಮೇಲೆ ಮೇಷ್ಟ್ರು ಹಿಂದಕ್ಕೆ ಹೋಗುತ್ತಿದ್ದರು. ಈ ಹೆಸರಿಗಿಂತ ಮುಂಚೆ ಯಾರ ಹೆಸರಿತ್ತು? ಮನೆಯಲ್ಲಿ ಕೇಳಿಕೊಂಡು ಬನ್ನಿ ಎನ್ನುತ್ತಿದ್ದರು. ಮರುದಿನ ಯಾರಾದರೊಬ್ಬರು "ನಮ್ಮಜ್ಜ ಏಳನೇ ನಮೂನೆ ಹಾಕಿದ್ದರಂತೆ" ಎಂದು ಬರುತ್ತಿದ್ದರು. ಉಳುತ್ತಿದ್ದ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಗೇಣಿದಾರರು ಹಾಕುತ್ತಿದ್ದ ಅರ್ಜಿ ಅದು. ಅಲ್ಲಿಗೆ 1974ರ ಭೂಸುಧಾರಣೆ ಕ್ಲಾಸಿನೊಳಗೆ ಬಂತು. ದೇವರಾಜ ಅರಸು ಬಂದರು, ಭೂ ನ್ಯಾಯಮಂಡಳಿ ಬಂತು, ಆಸ್ತಿಯ ಹಕ್ಕು ಅಂದರೇನು ಎನ್ನುವ ಪ್ರಶ್ನೆ ಬಂತು. ಇನ್ನೊಬ್ಬಳು ಎದ್ದು "ಸಾರ್, ಇದರಲ್ಲಿ ನಮ್ಮತ್ತೆಯರ ಹೆಸರೇ ಇಲ್ವಲ್ಲ" ಎನ್ನುತ್ತಿದ್ದಳು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಅಂತ ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದಿತ್ತು, ಅದಕ್ಕಿಂತ ಮೊದಲೇ ಮದುವೆಯಾದವರನ್ನು ಬಿಟ್ಟು. ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಎರಡು ಎಕರೆ ಹದಿಮೂರು ಗುಂಟೆಯನ್ನು ಇಬ್ಬರು ಗಂಡುಮಕ್ಕಳಿಗೆ ಹಂಚಿದರೆ ತಲಾ ಒಂದು ಎಕರೆ ಆರೂವರೆ ಗುಂಟೆ. ಇಬ್ಬರು ಹೆಣ್ಣುಮಕ್ಕಳನ್ನೂ ಸೇರಿಸಿದರೆ ತಲಾ ಇಪ್ಪತ್ಮೂರು ಕಾಲು ಗುಂಟೆ. ಬೋರ್ಡಿನ ಮೇಲೆ ಈ ಲೆಕ್ಕ ಬಿದ್ದ ದಿನ ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. ವಿಮರ್ಶಾತ್ಮಕ ಚಿಂತನೆ ಅಂತ ನೀವು ಬರೆದುಕೊಟ್ಟಿದ್ದೀರಲ್ಲ, ಅದು ಇದೇ.

ಒಂದು ಎಚ್ಚರ ಮಾತ್ರ ಬೇಕು. ಕ್ಲಾಸಿನಲ್ಲಿ ತುಂಡು ಭೂಮಿ ಇಲ್ಲದ ಮನೆಯ ಮಕ್ಕಳೂ ಇರುತ್ತಾರೆ. ನಿಮ್ಮನಿಮ್ಮ ಮನೆಯ ಪಹಣಿ ತನ್ನಿ ಎಂದರೆ ಅವರು ತಲೆ ತಗ್ಗಿಸಿ ಕೂರಬೇಕಾಗುತ್ತದೆ. ಕಾಲೇಜು ನಿಂತಿರುವ ಜಾಗದ ಸರ್ವೆ ನಂಬರಿನಿಂದಲೇ ಶುರು ಮಾಡಿ. ಅದು ಯಾವತ್ತೋ ಗೋಮಾಳವಾಗಿದ್ದರೂ ಇರಬಹುದು. ಯಾರಿಗೆ ಯಾಕೆ ಭೂಮಿ ಸಿಗಲಿಲ್ಲ, ಸಿಕ್ಕಿದ್ದೂ ಹೇಗೆ ಕೈಬಿಟ್ಟು ಹೋಯಿತು, ದಲಿತರಿಗೆ ಮಂಜೂರಾದ ಜಮೀನು ಮಾರಾಟವಾಗದಂತೆ ತಡೆಯಲು 1978ರಲ್ಲಿ ಕಾಯ್ದೆ ಯಾಕೆ ತರಬೇಕಾಯಿತು, ಇದೆಲ್ಲ ಅಲ್ಲಿಂದಲೇ ಬರುತ್ತದೆ. ಈ ಕ್ಲಾಸು ನಡೆಸುವವರಿಗೆ ಊರು ಗೊತ್ತಿರಬೇಕು, ಮಕ್ಕಳ ಹೆಸರು ಗೊತ್ತಿರಬೇಕು. ಮುನ್ನೂರು ಮಕ್ಕಳ ಕಾಲೇಜಿನಲ್ಲಿ ಅದು ಆಗುವ ಮಾತು, ಮೂರು ಸಾವಿರದ ಕಡೆ ಕಷ್ಟ.

ಸಿಲಬಸ್ ಬಿಟ್ಟು ಹೋಗ್ತೀರಿ ಅಂತ ಯಾರಾದರೂ ಅಂದರೆ, ಇಂಟರ್ನಲ್ ಅಂಕ ನಿಮ್ಮ ಕೈಯಲ್ಲೇ ಇದೆ. ಅಸೈನ್‌ಮೆಂಟ್ ಹೆಸರಿನಲ್ಲಿ ಗೂಗಲ್‌ನಿಂದ ಇಳಿಸಿದ ಹತ್ತು ಪುಟ ತಗೋಬೇಡಿ. ಸ್ವಂತ ಕೈಬರಹದಲ್ಲಿ ಒಂದು ಪುಟ ತಗೊಳ್ಳಿ, ತಿದ್ದಿ ವಾಪಸ್ ಕೊಡಿ. ತಿದ್ದುವುದು ಬೇಜಾರಿನ ಕೆಲಸ, ಒಪ್ಪುತ್ತೇನೆ.

ಇನ್ನು ಆ ಎರಡು ಪುಟ. ಏಳೆಂಟು ಗುರಿ ಬೇಡ, ಒಂದು ಸಾಕು: "ಈ ಕಾಲೇಜಿನಲ್ಲಿ ಓದಿದವರು ಸರ್ಕಾರದ ಒಂದು ಕಾಗದವನ್ನು ತಾವೇ ಓದಿ, ತಪ್ಪಿದ್ದರೆ ತಹಶೀಲ್ದಾರರಿಗೆ ಅರ್ಜಿ ಬರೆಯಬಲ್ಲರು." ನ್ಯಾಕ್ ತಂಡದವರು ಹುಬ್ಬೇರಿಸಿದರೆ ಮಕ್ಕಳು ಬರೆದ ಪುಟಗಳನ್ನು ಮುಂದಿಡಿ. ಮತ್ತೆ, ಮುಂದಿನ ವರ್ಷ ಸಂವಿಧಾನದ ಪೇಪರ್ ನನಗೇ ಬೇಕು, ಬೇಕಾದರೆ ಕೊನೆಯ ವರ್ಷದ ಒಂದು ಪೇಪರ್ ಬಿಟ್ಟುಕೊಡ್ತೀನಿ ಅಂತ ಪ್ರಾಂಶುಪಾಲರಿಗೆ ಈಗಲೇ ಹೇಳಿಡಿ. ಟೈಮ್‌ಟೇಬಲ್ ಗೋಡೆಗೆ ಅಂಟಿಸಿದ ಮೇಲೆ ಕೇಳಿದರೆ ಯಾರೂ ಬದಲಾಯಿಸಲ್ಲ.

– ಸಂಪಾದಕ